ಬರೆದವಳ ಲೆಕ್ಕ ಬರೆಯುವವರು ಯಾರು?



ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ವಿಜಯಪುರದ ಕಿರಾಣಿ ಅಂಗಡಿ, ಬಟ್ಟೆ ಅಂಗಡಿಗಳಲ್ಲಿ ಹೊಸ ಕ್ಯಾಲೆಂಡರ್ ಹಂಚುವುದು ಶುರುವಾಗುತ್ತದೆ. ಹಳೆಯದನ್ನು ಮೊಳೆಯಿಂದ ಇಳಿಸುವ ಮುನ್ನ ಒಮ್ಮೆ ಅದರ ಹಾಳೆಗಳನ್ನು ತಿರುವಿ ನೋಡಿ. ಹಾಲಿನವನು ಬಾರದ ದಿನಗಳು, ಸಿಲಿಂಡರ್ ಹಚ್ಚಿದ ತಾರೀಖು, ಚೀಟಿಯ ಕಂತು, ಮಕ್ಕಳ ಶಾಲೆಯ ಫೀಜು, ಬಟ್ಟೆ ಹೊಲಿಯಲು ಕೊಟ್ಟ ದಿನ, ಎಲ್ಲವೂ ಆ ಸಣ್ಣ ಸಣ್ಣ ಚೌಕಗಳಲ್ಲಿ ಇರುತ್ತವೆ. ಎಲ್ಲವೂ ನಿಮ್ಮದೇ ಕೈಬರಹ. ಆದರೆ ನೀವು ಮಾಡಿದ ಕೆಲಸದ ಲೆಕ್ಕ ಮಾತ್ರ ಅದರಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಈ ಮಾತು ನನಗೆ ಹೊಳೆದದ್ದು ಕಳೆದ ವಾರ. ಝುಹರ್ ನಮಾಝ್ ಮುಗಿಸಿ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಉದ್ದ ನೋಟ್‌ಬುಕ್ಕು, ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಿಡಿದುಕೊಂಡು ಬಂದಳು. ಅವಳ ತವರು ತಿಕೋಟಾ, ಗಂಡನ ಮನೆ ಇಲ್ಲೇ ನಗರದಲ್ಲಿ. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಆಕೆ ಸ್ಕ್ರಿಪ್ಟ್ ಬರೆಯುತ್ತಾಳೆ. ಅಂದರೆ ಬೇರೆಯವರು ಮೈಕಿನ ಮುಂದೆ, ಕ್ಯಾಮರಾದ ಮುಂದೆ, ವೇದಿಕೆಯ ಮೇಲೆ ಆಡುವ ಮಾತನ್ನು ಮೊದಲೇ ಮನೆಯಲ್ಲಿ ಕುಳಿತು ಬರೆದುಕೊಡುತ್ತಾಳೆ. ಯಾವ ಕಚೇರಿಯ ನೌಕರಳೂ ಅಲ್ಲ. ಕೆಲಸ ಬಂದಾಗ ಕೆಲಸ, ಇಲ್ಲವಾದಾಗ ಇಲ್ಲ. ರೇಡಿಯೋ ನಾಟಕ, ಸಾಕ್ಷ್ಯಚಿತ್ರದ ನಿರೂಪಣೆ, ಹನಿ ನೀರಾವರಿ ಪೈಪಿನ ಜಾಹೀರಾತು, ಬಬಲೇಶ್ವರದ ಕಡೆ ಹಳ್ಳಿಗಳಲ್ಲಿ ಆಡಿದ ಬಾಲ್ಯವಿವಾಹದ ವಿರುದ್ಧದ ಬೀದಿನಾಟಕ, ಯೂಟ್ಯೂಬ್ ವಾಹಿನಿಗಳಿಗೆ ಅಡುಗೆ ಕಾರ್ಯಕ್ರಮದ ಮಾತು, ಹೀಗೆ.

ಚಹಾ ಕುಡಿದ ಮೇಲೆ ವಿಷಯಕ್ಕೆ ಬಂದಳು.

“ಆಪಾ, ಜನವರಿಯಿಂದ ಬರಿಯೂದ ಬಿಡಲೇನ್ರಿ? ಒಂದು ಅಂಗಡ್ಯಾಗ ಲೆಕ್ಕ ಬರಿಯೂ ಕೆಲಸ ಐತಿ. ತಿಂಗಳಿಗೆ ಎಂಟು ಸಾವಿರ. ಮನ್ಯಾಗ ಎಲ್ಲಾರೂ ಅದನ್ನ ಹಿಡಿ ಅನ್ನಾಕತ್ತಾರ.”

“ನೀನೇನಂತಿ?” ಎಂದೆ.

“ನನಗ ತಿಳೀವಲ್ದು. ಎಲ್ಲಾರೂ ಛಲೋ ಬರದೀ ಅಂತಾರ. ರೊಕ್ಕದ ಮಾತ್ ಬಂದ್ರ ಫೋನ್ ಎತ್ತೂದಿಲ್ಲ.”

ಸಹೋದರಿಯರೇ, ಇಂಥ ಪ್ರಶ್ನೆಗೆ ಥಟ್ಟನೆ ಉಪದೇಶ ಹೇಳಿ ಕಳಿಸುವುದು ಸುಲಭ. “ಸಬರ್ ಮಾಡು, ಒಳ್ಳೆಯದಾಗುತ್ತದೆ” ಎನ್ನಬಹುದು. “ಬಂದ ಕೆಲಸ ಹಿಡಿ” ಎಂದೂ ಅನ್ನಬಹುದು. ನನಗೆ ಎರಡೂ ಸರಿಯೆನಿಸಲಿಲ್ಲ. ಅಂಗಡಿಯ ಲೆಕ್ಕ ಬರೆಯಲು ಹೊರಟವಳು ಮೊದಲು ತನ್ನ ಲೆಕ್ಕ ಬರೆಯಲಿ ಎನಿಸಿತು. “ನೋಟ್‌ಬುಕ್ ತೆಗೆ, ಗೆರೆ ಹಾಕು” ಎಂದೆ.

ನಾಲ್ಕು ಕಾಲಂ

ಹಾಳೆಯ ಮೇಲೆ ನಾಲ್ಕು ಕಾಲಂ ಮಾಡಿದೆವು. ಈ ವರ್ಷ ಏನು ಬರೆದೆ? ಎಷ್ಟು ಬರಬೇಕಿತ್ತು? ಎಷ್ಟು ಬಂತು? ನಿನ್ನ ಹೆಸರು ಎಲ್ಲಿ ಬಂತು? ಇಷ್ಟೇ.

ಮೊದಲ ಕಾಲಂ ತುಂಬಲು ಒಂದು ತಾಸು ಹಿಡಿಯಿತು. ಏಕೆಂದರೆ ತಾನು ಮಾಡಿದ ಕೆಲಸವೇ ಅವಳಿಗೆ ನೆನಪಿರಲಿಲ್ಲ. ಮೊಬೈಲಿನ ಹಳೆಯ ಸಂದೇಶಗಳನ್ನು ತೆರೆದು ತಿಂಗಳು ತಿಂಗಳಾಗಿ ಹುಡುಕಿದಳು. “ಹತ್ತೋ ಹನ್ನೆರಡೋ ಇರಬೇಕ್ರಿ” ಎಂದವಳ ಪಟ್ಟಿ ಕೊನೆಗೆ 23ಕ್ಕೆ ನಿಂತಿತು. ತಾನೇ ಬರೆದ 11 ಕೆಲಸಗಳನ್ನು ತಾನೇ ಮರೆತಿದ್ದಳು!

ಎರಡನೆಯ ಕಾಲಂನ ಮೊತ್ತ 1,12,000 ರೂಪಾಯಿ. ಮೂರನೆಯದು 71,500. ಬಾಕಿ 40,500. ಇಪ್ಪತ್ಮೂರರಲ್ಲಿ 14 ಕೆಲಸಕ್ಕೆ ಪೂರ್ತಿ ಹಣ ಬಂದಿತ್ತು. ಐದಕ್ಕೆ ಅರ್ಧಂಬರ್ಧ ಬಂದಿತ್ತು. ನಾಲ್ಕಕ್ಕೆ ಒಂದು ಪೈಸೆಯೂ ಬಂದಿರಲಿಲ್ಲ. ಬಸ್ಸಿನ ಖರ್ಚು, ಮೊಬೈಲ್ ರೀಚಾರ್ಜ್, ಝೆರಾಕ್ಸ್ ಎಲ್ಲ ಸೇರಿ ಅವಳ ಕೈಯಿಂದ ಹೋದದ್ದು 9,200. ಅದನ್ನು ಕಳೆದರೆ ವರ್ಷದ ನಿಜವಾದ ಗಳಿಕೆ 62,300 ರೂಪಾಯಿ.

“ನೋಡಿದ್ರ್ಯಾ ಆಪಾ? ಅಂಗಡ್ಯಾಗ 96 ಸಾವಿರ ಆಗ್ತದ” ಎಂದು ಪೆನ್ನು ಕೆಳಗಿಟ್ಟಳು.

ಇಲ್ಲಿಗೇ ನಿಲ್ಲಿಸಿದ್ದರೆ ಅಂಗಡಿಯೇ ಗೆಲ್ಲುತ್ತಿತ್ತು. ಮನೆಯವರು ಲೆಕ್ಕ ನಿಲ್ಲಿಸಿದ್ದೂ ಇಲ್ಲಿಯೇ. ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ. “ಎಷ್ಟು ತಾಸು ಬರೆದೆ?” ಎಂದು ಕೇಳಿದೆ. ಅದನ್ನು ಅವಳು ಯಾವತ್ತೂ ಎಣಿಸಿರಲಿಲ್ಲ. ಮಕ್ಕಳು ಶಾಲೆಗೆ ಹೋದ ಮೇಲೆ ಎರಡು ತಾಸು, ಇಶಾ ಆದ ಮೇಲೆ ಒಂದು ತಾಸು, ಕೆಲಸ ಇದ್ದ ದಿನ ಇಷ್ಟು, ಇಲ್ಲದ ದಿನ ಇಲ್ಲ ಎಂದು ಅಂದಾಜು ಹಾಕಿದೆವು. ವರ್ಷಕ್ಕೆ ಸುಮಾರು 950 ತಾಸು ಬಂತು. ಅಂದರೆ ತಾಸಿಗೆ 65 ರೂಪಾಯಿ. ಅಂಗಡಿಯ ಕೆಲಸ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ, ತಿಂಗಳಿಗೆ 25 ದಿನ. ವರ್ಷಕ್ಕೆ 2,100 ತಾಸು. ಅಲ್ಲಿ ತಾಸಿಗೆ ಬೀಳುವುದು 46 ರೂಪಾಯಿಯೂ ಅಲ್ಲ. ಬರಬೇಕಾದ ಬಾಕಿಯೆಲ್ಲ ಬಂದಿದ್ದರೆ ಅವಳ ಬರವಣಿಗೆಯ ತಾಸಿಗೆ 108 ರೂಪಾಯಿ ಬೀಳುತ್ತಿತ್ತು. ವರ್ಷದ ಗಳಿಕೆಯೂ 1,02,800 ಆಗಿ ಅಂಗಡಿಯ ಪಗಾರವನ್ನು ದಾಟುತ್ತಿತ್ತು.

ಅವಳು ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಅವಳನ್ನು ಸೋಲಿಸಿದ್ದು ಬರವಣಿಗೆಯಲ್ಲ, ಬಾಕಿ.

ನಾಲ್ಕನೆಯ ಸಾಲು

ಈಗ ಬಾಕಿಯವರ ಪಟ್ಟಿ. ಸಹೋದರಿಯರೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬೆಂಗಳೂರಿನಿಂದ ಫೋನ್ ಮಾಡಿ ಕೆಲಸ ಕೊಟ್ಟ ಅಪರಿಚಿತರು ಹಣ ಕೊಟ್ಟಿದ್ದರು. ಕಾಗದದ ಮೇಲೆ ಮೊದಲೇ ಮೊತ್ತ ಬರೆದು ಒಪ್ಪಿಸಿದವರೂ ಕೊಟ್ಟಿದ್ದರು. ಒಂದು ಪೈಸೆಯೂ ಕೊಡದ ನಾಲ್ವರೂ ನಮ್ಮವರೇ! ಒಬ್ಬರು ದೂರದ ಸಂಬಂಧಿ, ಅಂಗಡಿಯ ಉದ್ಘಾಟನೆಗೆ ಜಾಹೀರಾತು ಬರೆಸಿಕೊಂಡವರು. ಇನ್ನೊಬ್ಬರು ಮೈದುನನ ಗೆಳೆಯ, ಕೋಚಿಂಗ್ ಕ್ಲಾಸಿನವರು. ಮೂರನೆಯದು ಸಮಾಜಸೇವೆಯ ಒಂದು ಕಾರ್ಯಕ್ರಮ. ನಾಲ್ಕನೆಯ ಸಾಲಿಗೆ ಬಂದಾಗ ಆಕೆ ಪುಟ ತಿರುವಲು ಹೋದಳು.

“ಅದು ಯಾರದು?” ಎಂದೆ.

“ಇರ್ಲಿ ಬಿಡ್ರಿ ಆಪಾ.”

ನಾನೇ ನೋಟ್‌ಬುಕ್ ತಿರುಗಿಸಿ ಓದಿದೆ. ನಮ್ಮ ಶಾಲೆಯ ಗ್ಯಾದರಿಂಗಿಗೆ ಬರೆದುಕೊಟ್ಟ ಮಕ್ಕಳ ನಾಟಕ. ಬರೆಸಿದ್ದು ನಾನು.

ನಿಮ್ಮಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಫೆಬ್ರುವರಿಯಲ್ಲಿ ನಾನೇ ಫೋನ್ ಮಾಡಿ “ಬೇಟಾ, ನಮ್ಮ ಹುಡುಗಿಯರಿಗೆ ಅರ್ಧ ತಾಸಿನ ಒಂದು ನಾಟಕ ಬರೆದುಕೊಡು” ಎಂದಿದ್ದೆ. ಎಂಟು ಪಾತ್ರಗಳಿಗೆ ಬರೆದುಕೊಟ್ಟಳು. ಆಮೇಲೆ ತಾಯಂದಿರು “ನಮ್ಮ ಮಗಳಿಗೂ ಪಾತ್ರ ಕೊಡಿ” ಎಂದರು. ಎಂಟು ಹನ್ನೆರಡಾಯಿತು. ನಾಲ್ಕು ಸಲ ತಿದ್ದಿ ಬರೆದಳು. ಕಾರ್ಯಕ್ರಮದ ದಿನ ವೇದಿಕೆಗೆ ಕರೆದು ಹೊಗಳಿದೆ, ಒಂದು ಪುಸ್ತಕ ಕೊಟ್ಟೆ, ದುಆ ಮಾಡಿದೆ. ಪೆಂಡಾಲಿನವನಿಗೆ ಅದೇ ರಾತ್ರಿ ಹಣ ಕೊಟ್ಟೆವು. ಮೈಕ್‌ಸೆಟ್ಟಿನವನಿಗೂ ಕೊಟ್ಟೆವು. ಬರೆದವಳಿಗೆ ಕೊಡಬೇಕೆಂಬುದು ನನ್ನ ಮನಸ್ಸಿಗೇ ಬರಲಿಲ್ಲ. ಮನೆಗೆ ಹೋದವಳ ಮುಂದೆ ಆ ದಿನದ ಆಮಂತ್ರಣ ಪತ್ರಿಕೆಯನ್ನು ಹುಡುಕಿ ತೆಗೆದೆ. ಅತಿಥಿಗಳ ಹೆಸರಿತ್ತು, ಅಧ್ಯಕ್ಷರ ಹೆಸರಿತ್ತು, ಕೊನೆಯಲ್ಲಿ ಮೈಕ್‌ಸೆಟ್ಟಿನವನ ಹೆಸರೂ ಇತ್ತು. ನಾಟಕ ಬರೆದವಳ ಹೆಸರಿರಲಿಲ್ಲ.

ಆಗ ನಾಲ್ಕನೆಯ ಕಾಲಂ ಕೂಡ ಅರ್ಥವಾಯಿತು. 23 ಕೆಲಸಗಳಲ್ಲಿ ಅವಳ ಹೆಸರು ಬಂದದ್ದು ಆರರಲ್ಲಿ ಮಾತ್ರ.

ಮದರಸಾದಲ್ಲಿ ಓದುವಾಗ ನಮ್ಮ ಉಸ್ತಾದರು ಒಂದು ಮಾತನ್ನು ಮತ್ತೆ ಮತ್ತೆ ನೆನಪಿಸುತ್ತಿದ್ದರು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ, ಅಲ್ ಬಕರಃ ಅಧ್ಯಾಯದ 282ನೆಯದು, ಕೊಡುಕೊಳ್ಳುವ ಬಾಕಿಯನ್ನು ಬರೆದಿಡಬೇಕೆಂಬ ವಿಷಯದ್ದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದು ಎಂಬುದು ಅದರ ತಾತ್ಪರ್ಯ. ಇದನ್ನು ನಾನು ಎಷ್ಟೋ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ನನ್ನ ಶಿಷ್ಯೆಯ ಕೆಲಸಕ್ಕೆ ಒಂದು ಚೀಟಿ ಬರೆದುಕೊಡಲಿಲ್ಲ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನೂ ನಾವೆಲ್ಲ ಬಲ್ಲೆವು. ಬರೆಯುವವಳ ಬೆವರು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಾರನೆಯ ದಿನ ಶಾಲೆಯಲ್ಲಿ ಮಾತಾಡಿ, ವೋಚರ್ ಮಾಡಿಸಿ, ಅವಳ ಹಣ ತಲುಪಿಸಿದೆ. ಹತ್ತು ತಿಂಗಳು ತಡವಾಗಿ.

ಹೆಸರು ಕೇಳಿದವರು

ರೊಕ್ಕ ಯಾಕೆ ಕೇಳಲಿಲ್ಲ ಎಂದರೆ ಅವಳ ಉತ್ತರ ಒಂದೇ: “ಕೇಳಿದ್ರ ಸಣ್ಣಾಕಿ ಆಗ್ತೀನಿ ಅನಸ್ತದ್ರಿ.” ಈ ಲಿಹಾಜು, ಈ ಸಂಕೋಚ ನಮ್ಮ ಹೆಣ್ಣುಮಕ್ಕಳಿಗೆ ಹಾಲಿನೊಂದಿಗೇ ಬಂದಿರುತ್ತದೆ. ಆದರೆ ತಮ್ಮ ಹೆಸರನ್ನೂ ಹಕ್ಕನ್ನೂ ಕೇಳಿದವರು ಸಣ್ಣವರಾದರೇ? ನೋಡೋಣ.

ಸಿನಿಮಾ ಬಗ್ಗೆ ನಿಮ್ಮ ಮನೆಯಲ್ಲಿ ಯಾವ ಅಭಿಪ್ರಾಯವೇ ಇರಲಿ, ಸಲೀಂ-ಜಾವೇದ್ ಎಂಬ ಜೋಡಿ ಹೆಸರನ್ನು ಕೇಳಿರುತ್ತೀರಿ. 1973ರಲ್ಲಿ ಇವರು ಬರೆದ ‘ಝಂಜೀರ್’ ತೆರೆಗೆ ಬಂದಾಗ ಪೋಸ್ಟರುಗಳ ಮೇಲೆ ಬರೆದವರ ಹೆಸರಿರಲಿಲ್ಲ. ಆಗ ಅದೇ ರೂಢಿ. ಇಬ್ಬರೂ ಸೇರಿ ಒಬ್ಬ ಪೇಂಟರನ್ನು ಹಿಡಿದು, ಮುಂಬೈಯ ಗೋಡೆಗಳ ಮೇಲಿದ್ದ ಪೋಸ್ಟರುಗಳಿಗೆ ತಮ್ಮ ಹೆಸರು ಬಳಿಸಿದರು. ಜನ ನಕ್ಕಿರಬಹುದು. ಆದರೆ ಆ ಮೇಲೆ ಬರೆದವರ ಹೆಸರು ಪೋಸ್ಟರಿನ ಮೇಲೆ ಬರತೊಡಗಿತು. ಇವರಲ್ಲಿ ಒಬ್ಬರಾದ ಜಾವೇದ್ ಅಖ್ತರ್ ಮುಂದೆ ರಾಜ್ಯಸಭೆಯ ಸದಸ್ಯರಾದರು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ ಲೇಖಕರ ಪರವಾಗಿ ಗಟ್ಟಿಯಾಗಿ ನಿಂತವರು ಅವರೇ.

ಇನ್ನು ನಮ್ಮ ಕನ್ನಡದ ಸಾರಾ ಅಬೂಬಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಇವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಮುಂದೆ ‘ಬ್ಯಾರಿ’ ಎಂಬ ಚಿತ್ರ 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಂದಿಗೆ ಹಂಚಿಕೊಂಡಾಗ, ಅದರ ಕಥೆ ತಮ್ಮ ಕಾದಂಬರಿಯದು, ತಮ್ಮನ್ನು ಕೇಳಿಯೇ ಇಲ್ಲ ಎಂದು ಸಾರಾ ನ್ಯಾಯಾಲಯಕ್ಕೆ ಹೋದರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. “ಈ ವಯಸ್ಸಿನಲ್ಲಿ ಯಾಕೆ?” ಎಂದು ಸುಮ್ಮನಿರಬಹುದಿತ್ತು. ಅವರು ಸುಮ್ಮನಿರಲಿಲ್ಲ. ಮಂಗಳೂರಿನ ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಅದಕ್ಕೂ ಬಹಳ ಮೊದಲೇ ಅವರು ಚಂದ್ರಗಿರಿ ಪ್ರಕಾಶನವೆಂಬ ತಮ್ಮದೇ ಸಂಸ್ಥೆ ಕಟ್ಟಿ, ತಮ್ಮ ಪುಸ್ತಕಗಳನ್ನು ತಾವೇ ಹೊರತಂದಿದ್ದರು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ, ಹಕ್ಕು ಕೇಳಿದ್ದರಿಂದ ಅವರು ಸಣ್ಣವರಾದರೆಂದು ಯಾರೂ ಹೇಳಲಿಲ್ಲ.

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಮಗೆಲ್ಲ ಹೆಮ್ಮೆಯ ಸುದ್ದಿ. ಅವರ ‘ಕರಿ ನಾಗರಗಳು’ ಕಥೆಯೇ ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರ. ಬೂಕರ್ ಸುದ್ದಿಯಲ್ಲಿ ನನಗೆ ಹಿಡಿಸಿದ ಇನ್ನೊಂದು ಸಂಗತಿ ಇದೆ. ಆ ಪ್ರಶಸ್ತಿಯ 50,000 ಪೌಂಡ್ ಹಣವನ್ನು ಬರೆದವರಿಗೂ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೂ ಸರಿಸಮ ಹಂಚಲಾಯಿತು. ಬೇರೊಬ್ಬರ ಮಾತನ್ನು ಇನ್ನೊಂದು ಭಾಷೆಗೆ ದಾಟಿಸಿದವಳ ದುಡಿಮೆಗೂ ಅರ್ಧ ಪಾಲು. ಆ ಪುಸ್ತಕದಲ್ಲಿರುವ 12 ಕಥೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವು. ಒಂದೇ ವರ್ಷದ ಕೊನೆಗೆ ಕುಳಿತು ಲೆಕ್ಕ ಹಾಕಿದ್ದರೆ ಅವುಗಳ ಬೆಲೆ ಎಷ್ಟೆಂದು ಯಾರಿಗೆ ತಿಳಿಯುತ್ತಿತ್ತು? ಪ್ರತಿಯೊಬ್ಬರಿಗೂ ಬೂಕರ್ ಬರುತ್ತದೆ ಎಂದು ಹೇಳುತ್ತಿಲ್ಲ. ಒಂದೇ ವರ್ಷದ ಬಾಕಿ ನೋಡಿ ಇಡೀ ಬಾಳಿನ ಕೆಲಸವನ್ನು ಅಳೆಯಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ವಿಜಯಪುರದ ಜಿಲ್ಲಾ ರಂಗಮಂದಿರಕ್ಕೆ ಇಟ್ಟಿರುವ ಹೆಸರು ಯಾರದು? ಕಂದಗಲ್ ಹನುಮಂತರಾಯರದು. ಅವರು ರಾಜರಲ್ಲ, ಮಂತ್ರಿಗಳಲ್ಲ. ನಾಟಕ ಕಂಪನಿಗಳ ಕಾಲದಲ್ಲಿ ನಟರ ಬಾಯಿಗೆ ಮಾತು ಬರೆದುಕೊಟ್ಟವರು. ಅವರ ‘ರಕ್ತರಾತ್ರಿ’ ನಾಟಕವನ್ನು ನಮ್ಮ ಭಾಗದ ಹಳ್ಳಿಗಳ ಜಾತ್ರೆಗಳಲ್ಲಿ ಇಂದಿಗೂ ಆಡುತ್ತಾರೆ. ಹ್ಯಾಂಡ್‌ಬಿಲ್ಲಿನಲ್ಲಿ ಕವಿಯ ಹೆಸರು ಹಾಕದೆ ಹಳ್ಳಿಯವರು ನಾಟಕ ಆಡುವುದಿಲ್ಲ. ಓದು ಬರಹ ಕಲಿತ ನಾವು ಅದನ್ನು ಮರೆತೆವು.

ನೆಲದ ಇನ್ನೊಂದು ಹೆಸರು ಅಮೀರಬಾಯಿ ಕರ್ನಾಟಕಿ. ಆಗ ವಿಜಯಪುರ ಜಿಲ್ಲೆಗೆ ಸೇರಿದ್ದ ಬೀಳಗಿಯವರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಮುಂದೆ ಹೊಸ ಕಂಠಗಳು ಬಂದು ಹಾಡುವ ಅವಕಾಶ ಕಡಿಮೆಯಾದಾಗ ಪೋಷಕ ಪಾತ್ರಗಳ ಕಡೆ ಹೊರಳಿ ಕೆಲಸ ಮುಂದುವರಿಸಿದರು. 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಅಮೀರ್ ಟಾಕೀಸು ಊರಿನ ಹಿರಿಯರಿಗೆಲ್ಲ ಗೊತ್ತು. ರಹಮತ್ ತರೀಕೆರೆಯವರು ಅವರ ಜೀವನವನ್ನು ಪುಸ್ತಕವಾಗಿ ಬರೆದಿರದಿದ್ದರೆ ನನ್ನಂಥವರಿಗೆ ಇಷ್ಟೂ ತಿಳಿಯುತ್ತಿರಲಿಲ್ಲ. ಕೆಲಸದ ದಾರಿ ಒಂದೇ ನೇರದಲ್ಲಿ ಹೋಗುವುದಿಲ್ಲ ಎಂಬುದಕ್ಕೆ ಅವರಿಗಿಂತ ಬೇರೆ ಉದಾಹರಣೆ ಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

ನಿಮ್ಮ ಮನೆಯಲ್ಲೂ ಬರೆಯುವ ಹೆಣ್ಣುಮಗಳಿರಬಹುದು. ಕಥೆ, ನಾಟಕ, ಹಾಡು, ಪಾಠದ ವಿಡಿಯೋಗೆ ಮಾತು, ಯಾವುದೇ ಇರಲಿ. ಅಂಥವರಿಗಾಗಿ ಕೆಲವು ಸಂಗತಿಗಳನ್ನು ಸರಳವಾಗಿ ಹೇಳುತ್ತೇನೆ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದಲ್ಲದಿದ್ದರೆ ಸಾಮಾನ್ಯವಾಗಿ ಬರಹದ ಮೊದಲ ಒಡೆತನ ಬರೆದವರದು. ಬರೆದ ಕೂಡಲೇ ಆ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಅದು ಉಳಿಯುತ್ತದೆ. ಅಂದರೆ ಹೊಲ, ಮನೆಯಂತೆ ಅದೂ ಮಕ್ಕಳಿಗೆ ಬರುವ ಆಸ್ತಿ.

ಹಕ್ಕನ್ನು ಬೇರೆಯವರಿಗೆ ಬರೆದುಕೊಡುವುದಾದರೆ ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಬಾಯಿಮಾತು ಸಾಲದು. ಎಷ್ಟು ವರ್ಷಕ್ಕೆ ಎಂದು ಕರಾರಿನಲ್ಲಿ ಬರೆದಿಲ್ಲವಾದರೆ ಕಾಯ್ದೆ ಅದನ್ನು ಐದು ವರ್ಷವೆಂದು ತಿಳಿಯುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಓದಿ. ‘ಶಾಶ್ವತವಾಗಿ’ ಎಂಬ ಒಂದು ಶಬ್ದ ಎಲ್ಲೋ ಮೂಲೆಯಲ್ಲಿ ಕುಳಿತಿರುತ್ತದೆ. ಹಕ್ಕನ್ನು ಮಾರಿದ ಮೇಲೂ ‘ಇದನ್ನು ಬರೆದದ್ದು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕರಿಗೆ ಉಳಿಯುತ್ತದೆ. ಹೆಸರು ಕೇಳುವುದು ದಾಕ್ಷಿಣ್ಯದ ಮಾತಲ್ಲ, ಕಾನೂನಿನ ಮಾತು.

ಇನ್ನೊಂದು ಸಣ್ಣ ಸಂಗತಿ. ಬೆಂಗಳೂರಿನ ಒಬ್ಬರು ಅವಳಿಗೆ ಹಣ ಕೊಡುವಾಗ ತೆರಿಗೆಯೆಂದು ಶೇ. 10 ಮುರಿದುಕೊಂಡಿದ್ದರು. ಅದು ಹೋಯಿತು ಎಂದೇ ಅವಳು ತಿಳಿದಿದ್ದಳು. ಹೋಗಿಲ್ಲ. ವರ್ಷದ ಆದಾಯ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಅದಕ್ಕೆ ಪ್ಯಾನ್ ಕಾರ್ಡು ಮತ್ತು ತನ್ನದೇ ಬ್ಯಾಂಕ್ ಖಾತೆ ಇರಬೇಕು. ಸಹೋದರಿಯರೇ, ನಿಮ್ಮ ದುಡಿಮೆಯ ಹಣ ನಿಮ್ಮ ಖಾತೆಗೇ ಬರಲಿ. ಮನೆಗೆ ಖರ್ಚು ಮಾಡುವುದು ನಿಮ್ಮ ಇಷ್ಟ, ನಿಮ್ಮ ಪ್ರೀತಿ. ಆದರೆ ಎಷ್ಟು ಬಂತು ಎಂಬುದು ನಿಮಗೆ ಗೊತ್ತಿರಲಿ.

ಯಂತ್ರ ಬರೆಯುತ್ತದಂತೆ

ಈ ವರ್ಷ ಅವಳಿಗೆ ಹೊಸದೊಂದು ಮಾತು ಕೇಳಿಬಂದಿದೆ. ಒಬ್ಬರು “ಮೊಬೈಲಿನ್ಯಾಗ ಯಂತ್ರನ ಬರದ ಕೊಡ್ತದ, ನಿಮಗ್ಯಾಕ ಇಷ್ಟ ರೊಕ್ಕ ಕೊಡೂದು?” ಎಂದರಂತೆ. ಈ ಭಯ ಅವಳೊಬ್ಬಳದಲ್ಲ. 2023ರಲ್ಲಿ ಅಮೆರಿಕದ ಚಿತ್ರ, ಟಿವಿ ಬರಹಗಾರರು 148 ದಿನ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು. ಕೊನೆಗೆ ಆದ ಒಪ್ಪಂದದಲ್ಲಿ ಯಂತ್ರವನ್ನು ಲೇಖಕನೆಂದು ಪರಿಗಣಿಸುವಂತಿಲ್ಲ ಎಂದು ಬರೆಸಿಕೊಂಡರು. ಅವರು ಸಾವಿರಾರು ಜನ ಒಟ್ಟಾಗಿದ್ದರು. ನಮ್ಮವಳು ಒಬ್ಬಳೇ.

ಹಾಗೆ ಹೇಳಿದವರು ಯಂತ್ರದಿಂದ ಬರೆಸಿದರಂತೆ. ಮೂರನೆಯ ದಿನ ಮತ್ತೆ ಇವಳಿಗೇ ಫೋನ್ ಬಂತು. ಆ ಜಾಹೀರಾತಿನಲ್ಲಿ ತಿಕೋಟಾದ ರೈತ ಬೆಂಗಳೂರಿನ ಸಾಹೇಬನ ಹಾಗೆ ಮಾತಾಡುತ್ತಿದ್ದನಂತೆ! “ಸ್ವಲ್ಪ ನಮ್ಮ ಮಾತಿನ್ಯಾಗ ಮಾಡಿಕೊಡ್ರಿ” ಎಂದರು. ಅವಳು ಮಾಡಿಕೊಟ್ಟಳು. ಈ ಸಲ ಮೊದಲೇ ಮೊತ್ತ ಹೇಳಿದಳು. ನಾಳೆ ಯಂತ್ರ ನಮ್ಮ ಮಾತನ್ನೂ ಕಲಿಯಬಹುದು. ಆದರೆ ದ್ರಾಕ್ಷಿ ತೋಟದ ಪಡದಲ್ಲಿ ಕುಳಿತು ರೈತನ ಹೆಂಡತಿಯ ಅರ್ಧ ತಾಸಿನ ಮಾತು ಕೇಳಿ, ಅದರಲ್ಲಿ ಎರಡು ಸಾಲು ಆರಿಸಿಕೊಳ್ಳುವ ಕಿವಿ ಬೇರೆ. ಅವಳು ಬೆಳೆಸಿಕೊಳ್ಳಬೇಕಾದದ್ದು ಆ ಕಿವಿಯನ್ನು ಎಂದು ನನಗನಿಸುತ್ತದೆ.

ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ

ಲೆಕ್ಕವೆಲ್ಲ ಮುಗಿದ ಮೇಲೆ ಅವಳೇ ಒಂದು ಮಾತು ಹೇಳಿದಳು. ಅವಳ ತಂದೆಗೆ ತಿಕೋಟಾದಲ್ಲಿ ಒಂದೂವರೆ ಎಕರೆ ದ್ರಾಕ್ಷಿ. ನಮ್ಮ ಭಾಗದಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ರೈತರು ಅದಕ್ಕೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿಯಾದ ಮೇಲೆ ಹಣ್ಣು ಬರುವುದಿಲ್ಲ. ಹೊಸ ಕಡ್ಡಿ ಬಲಿಯುತ್ತದೆ. ಅಕ್ಟೋಬರ್ ಚಾಟ್ನಿಯಾದ ಮೇಲೆ ಆ ಕಡ್ಡಿಯ ಮೇಲೆಯೇ ಗೊನೆ ಬಿಡುತ್ತದೆ. “ಏಪ್ರಿಲ್‌ದಾಗ ಹಣ್ಣ ಬರಲಿಲ್ಲ ಅಂತ ಅಬ್ಬಾ ಎಂದೂ ಬಳ್ಳಿ ಕಿತ್ತಿಲ್ಲರಿ. ಖರೆ, ಹಣ್ಣ ಒಯ್ದವ್ರು ರೊಕ್ಕ ಕೊಡದಿದ್ರ ಮನಿಗೆ ಹೋಗಿ ಕುಂದರ್ತಿದ್ರು” ಎಂದು ನಕ್ಕಳು.

ನನಗೆ ಇದಕ್ಕಿಂತ ಹೆಚ್ಚಿನದೇನೂ ಹೇಳಲಿಕ್ಕಿರಲಿಲ್ಲ. ಫಲ ಬಾರದ ತಿಂಗಳುಗಳಿಗೆ ತಾಳ್ಮೆ ಬೇಕು. ಫಲ ಒಯ್ದವರ ಬಳಿ ತಾಳ್ಮೆ ಬೇಕಿಲ್ಲ. ನಾವು ಇವೆರಡನ್ನೂ ಬೆರೆಸಿ ಎಲ್ಲದಕ್ಕೂ ‘ಸಬರ್’ ಎಂದು ಹೆಸರಿಟ್ಟಿದ್ದೇವೆ.

ಆ ಸಂಜೆ ಅವಳು ಒಂಬತ್ತು ಜನರಿಗೆ ಸಂದೇಶ ಬರೆದಳು. ಜಗಳವಿಲ್ಲ, ಅಳುವಿಲ್ಲ. ಇಂಥ ತಿಂಗಳು ಇಂಥ ಕೆಲಸ ಮಾಡಿಕೊಟ್ಟೆ, ಇಷ್ಟು ಬಾಕಿ ಇದೆ, ಈ ಖಾತೆಗೆ ಹಾಕಿ ಎಂದು ಮೂರು ಸಾಲು. ನಾನು ಇದನ್ನು ಬರೆಯುವ ಹೊತ್ತಿಗೆ ನಮ್ಮ ಶಾಲೆಯೂ ಸೇರಿ ನಾಲ್ವರು ಕೊಟ್ಟಿದ್ದಾರೆ, 17,500 ರೂಪಾಯಿ ಬಂದಿದೆ. ಇಬ್ಬರು ಜನವರಿಯವರೆಗೆ ಸಮಯ ಕೇಳಿದ್ದಾರೆ. ಇಬ್ಬರದು ಮೌನ. ಒಬ್ಬರು ಫೋನ್ ಮಾಡಿ, “ನಿನ್ನ ಮನೀ ಮಗಳ ಅಂತ ತಿಳಿದಿದ್ವಿ” ಎಂದು ಸಿಟ್ಟಾದರಂತೆ. ಅವಳು ಆ ರಾತ್ರಿ ಅತ್ತಳು. ಆದರೆ ಸಂದೇಶವನ್ನು ಅಳಿಸಲಿಲ್ಲ.

ಅಂಗಡಿಯವರಿಗೆ ಏನು ಹೇಳಿದಳು? ಅರ್ಧ ದಿನದ ಕೆಲಸ ಕೊಡುತ್ತೀರಾ ಎಂದು ಕೇಳಿದ್ದಾಳೆ. ಅವರಿನ್ನೂ ಉತ್ತರ ಕೊಟ್ಟಿಲ್ಲ. ಕೊಡಲಿಲ್ಲವೆಂದರೆ ಏನು ಮಾಡುವಳೋ, ಅದು ಅವಳು ಮತ್ತು ಅವಳ ಮನೆಯವರು ಕೂಡಿ ಕುಳಿತು ತೀರ್ಮಾನಿಸುವ ವಿಷಯ. ಮಕ್ಕಳ ಫೀಜು ಕಟ್ಟಬೇಕಾದವಳಿಗೆ “ಕಲೆಗಾಗಿ ಎಲ್ಲ ಬಿಡು” ಎಂದು ಹೇಳುವ ಅಧಿಕಾರ ನನಗಿಲ್ಲ. ಬಿಡುವುದಾದರೂ ಸರಿ, ಹಿಡಿಯುವುದಾದರೂ ಸರಿ, ಸರಿಯಾದ ಅಂಕಿ ನೋಡಿ ನಿರ್ಧರಿಸಲಿ ಎಂಬುದಷ್ಟೇ ನನ್ನ ಆಸೆ.

ಈಗ ನಿಮ್ಮ ಸರದಿ. ನೀವು ಸ್ಕ್ರಿಪ್ಟ್ ಬರೆಯುವವರಲ್ಲದಿರಬಹುದು. ಬಟ್ಟೆ ಹೊಲಿಯುತ್ತೀರಿ, ಮೆಹಂದಿ ಹಚ್ಚುತ್ತೀರಿ, ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತೀರಿ, ರೊಟ್ಟಿ ಬಡಿದು ಕೊಡುತ್ತೀರಿ. ಹೊಸ ಕ್ಯಾಲೆಂಡರ್ ಗೋಡೆಗೆ ಹಾಕುವ ಮುನ್ನ ಒಂದು ಹಾಳೆಯ ಮೇಲೆ ಆ ನಾಲ್ಕು ಕಾಲಂ ಎಳೆಯಿರಿ. ಬಾಕಿ ಇದ್ದರೆ ಮೂರು ಸಾಲು ಬರೆದು ಕಳಿಸಿ.

ಇನ್ನೊಂದು ಹಾಳೆ ತೆಗೆದು, ಅದರ ಮೇಲೆ ನೀವು ಯಾರಿಂದ ಕೆಲಸ ಮಾಡಿಸಿಕೊಂಡಿರಿ, ಏನು ಕೊಟ್ಟಿರಿ ಎಂದೂ ಬರೆಯಿರಿ. ನನ್ನ ಹಾಗೆ ನೀವೂ ಯಾವಳೋ ಒಬ್ಬಳ ನೋಟ್‌ಬುಕ್ಕಿನ ನಾಲ್ಕನೆಯ ಸಾಲಿನಲ್ಲಿ ಇರಬಹುದು. ಅವಳು ಸಂಕೋಚದಿಂದ ಪುಟ ತಿರುವುವ ಮೊದಲು ನೀವೇ ಹೋಗಿ ಕೊಟ್ಟು ಬನ್ನಿ.